ಕೇಳದೆ ಪಡೆದುದು ದಾನವಾಗದು

ದಾನಕ್ಕೆ ಕೊಡುವವನು, ಕೊಳ್ಳುವವನು, ಕೊಡುವ ವಸ್ತು ಈ ಮೂರೂ ಬೇಕೆಂಬುದು ಎಲ್ಲರಿಗೂ ತಿಳಿದ ಮಾತು. ಆದರೆ ಈ ಮೂರಕ್ಕೂ ಮೊದಲು ಇರಬೇಕಾದುದು ಕೊಡುವವನ ಮನಸ್ಸು. ಮನಸ್ಸು ಒಪ್ಪದೆ ಕೈಯಿಂದ ಹೊರಟ ವಸ್ತು ಎಷ್ಟೇ ಒಳ್ಳೆಯ ಕಾರ್ಯಕ್ಕೆ ವಿನಿಯೋಗವಾದರೂ ಅದನ್ನು ದಾನವೆಂದು ಕರೆಯುವ ರೂಢಿ ನಮ್ಮಲ್ಲಿಲ್ಲ. ಕಣಜದ ಬಾಗಿಲು ತೆರೆದಿತ್ತೆಂದು ಒಳಹೊಕ್ಕು, ಹತ್ತು ಮೂಟೆ ರಾಗಿಯನ್ನು ಹೊತ್ತು ತಂದು ದಾಸೋಹದ ಮನೆಗೆ ಸುರಿದವನನ್ನು ಯಾರೂ ಪುಣ್ಯವಂತನೆನ್ನರು. ರಾಗಿಯ ವಿಷಯದಲ್ಲಿ ಇಷ್ಟು ಸ್ಪಷ್ಟವಾಗಿರುವ ಈ ನ್ಯಾಯವು ಮನುಷ್ಯನ ದನಿ, ಮುಖ, ನಡಿಗೆ, ಅವನು ತೆಗೆದ ಚಿತ್ರ, ಅವನು ಕೇಳಿದ ಪ್ರಶ್ನೆ ಇವುಗಳ ವಿಷಯದಲ್ಲಿಯೂ ಅಷ್ಟೇ ಸ್ಪಷ್ಟವಾಗಿದೆಯೇ ಎಂದು ವಿಚಾರಿಸಬೇಕಾದ ಕಾಲ ಈಗ ಒದಗಿದೆ. ಈ ವಿಚಾರವನ್ನು ನಮ್ಮಲ್ಲಿ ಹುಟ್ಟಿಸಿದವನು ನಮ್ಮ ವಿದ್ಯಾರ್ಥಿನಿಲಯದ ಒಬ್ಬ ಹುಡುಗ. ಅವನ ಸಂಗತಿಯನ್ನು ಮುಂದೆ ನಿವೇದಿಸುತ್ತೇವೆ.

ಕೃತಕ ಬುದ್ಧಿಮತ್ತೆ ಎಂಬ ಮಾತು ಈಗ ಹಳ್ಳಿಯ ಜಗಲಿಯ ಮೇಲೂ ಕೇಳಿಬರುತ್ತಿದೆ. ಮೊಬೈಲಿನ ಮುಂದೆ ಕನ್ನಡದಲ್ಲಿ ನುಡಿದರೆ ಆ ನುಡಿ ಅಕ್ಷರವಾಗಿ ಮೂಡುತ್ತದೆ. ಕಾಗದವೊಂದರ ಚಿತ್ರ ತೆಗೆದರೆ ಅದರಲ್ಲಿರುವುದನ್ನು ಯಂತ್ರ ಓದಿ ಹೇಳುತ್ತದೆ. ಈ ಯಂತ್ರಕ್ಕೆ ಯಾರೂ ವ್ಯಾಕರಣವನ್ನು ಸೂತ್ರರೂಪದಲ್ಲಿ ಬೋಧಿಸಿಲ್ಲ. ಲಕ್ಷಾಂತರ ಉದಾಹರಣೆಗಳನ್ನು ಅದರ ಮುಂದಿಟ್ಟಾಗ, ಅವುಗಳಲ್ಲಿ ಮತ್ತೆ ಮತ್ತೆ ಕಂಡುಬರುವ ಸಾಮ್ಯವನ್ನು ಅದು ಹಿಡಿದುಕೊಳ್ಳುತ್ತದೆ. ಈ ಉದಾಹರಣೆಗಳ ರಾಶಿಯನ್ನು ತರಬೇತಿಯ ದತ್ತಾಂಶವೆಂದು ಕರೆಯುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಆರ್ಟ್‌ಪಾರ್ಕ್ ಸಂಸ್ಥೆಯೂ ಗೂಗಲ್ ಕಂಪನಿಯ ನೆರವಿನಿಂದ ಕೈಗೊಂಡ 'ವಾಣಿ' ಎಂಬ ಯೋಜನೆಯು ದೇಶದ ಎಲ್ಲ ಜಿಲ್ಲೆಗಳಿಂದ ೧,೫೦,೦೦೦ ಗಂಟೆಗಳಿಗೂ ಮೀರಿದ ಮಾತನ್ನು ಸಂಗ್ರಹಿಸುವ ಗುರಿಯನ್ನಿಟ್ಟುಕೊಂಡಿತು. ಯಂತ್ರದ ಜಾಣ್ಮೆಯೆಂದು ನಾವು ಬೆರಗಾಗುವ ವಸ್ತುವಿನ ಹಿಂದೆ ಇರುವುದು ಹೀಗೆ ಸೇರಿದ ಅಸಂಖ್ಯಾತ ಮನುಷ್ಯರ ನುಡಿ ಮತ್ತು ನಡೆ.

ರಾಶಿಯಲ್ಲಿ ಯಾರು ಇರುವರೋ ಅವರನ್ನು ಯಂತ್ರ ಅರಿಯುತ್ತದೆ. ಯಾರು ಇಲ್ಲವೋ ಅವರನ್ನು ಅರಿಯದು. ಉಗ್ಗಿ ನುಡಿಯುವವನು, ಲಕ್ವ ಹೊಡೆದು ನಾಲಗೆ ತೊಡರಿದವನು, ಕಿವಿ ಕೇಳದ ಕಾರಣ ಮಾತಿನ ಏರಿಳಿತ ಬೇರೆಯಾದವನು ಇವರ ನುಡಿ ಯಂತ್ರಕ್ಕೆ ಗದ್ದಲವಾಗಿ ಕೇಳಿಸುತ್ತದೆ. ವಿಪರ್ಯಾಸವೇನೆಂದರೆ, ಬೆರಳಿನಿಂದ ಅಕ್ಷರ ಒತ್ತಲಾಗದೆ ಮಾತಿನಿಂದಲೇ ಯಂತ್ರವನ್ನು ನಡೆಸಬೇಕಾದ ಅಗತ್ಯ ಯಾರಿಗೆ ಹೆಚ್ಚೋ ಅಂಥವರಲ್ಲಿ ಅನೇಕರ ಮಾತೇ ಅದಕ್ಕೆ ತಿಳಿಯದು.

ಕೆನಡಾ ದೇಶದ ಟೊರಾಂಟೊ ನಗರದ ಓಕ್ಯಾಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಯುಟ್ಟಾ ಟ್ರೆವಿರೇನಸ್ ಅವರು ತಮ್ಮ ಒಂದು ಅನುಭವವನ್ನು ಹೇಳಿದ್ದಾರೆ. ಚಾಲಕನಿಲ್ಲದೆ ಓಡುವ ಕಾರುಗಳಿಗಾಗಿ ರೂಪುಗೊಂಡ ಬುದ್ಧಿಯಂತ್ರಗಳನ್ನು ಅವರು ಕೃತಕ ದೃಶ್ಯಗಳ ಮೂಲಕ ಪರೀಕ್ಷಿಸಿದರು. ಗಾಲಿಕುರ್ಚಿಯನ್ನು ಕಾಲಿನಿಂದ ನೂಕಿಕೊಂಡು ಹಿಮ್ಮುಖವಾಗಿ ಚಲಿಸುವ ತಮ್ಮ ಸ್ನೇಹಿತೆಯೊಬ್ಬರ ದೃಶ್ಯವನ್ನು ರಸ್ತೆ ಕೂಡುವಲ್ಲಿ ತೋರಿಸಿದಾಗ, ಯಂತ್ರಗಳೆಲ್ಲವೂ ಕಾರನ್ನು ಮುಂದಕ್ಕೆ ಓಡಿಸುವ ನಿರ್ಧಾರವನ್ನೇ ಮಾಡಿದವು. ಗಾಲಿಕುರ್ಚಿಗಳ ಇನ್ನಷ್ಟು ಚಿತ್ರಗಳನ್ನು ಕೊಟ್ಟು ಕಲಿಸಿದ ಮೇಲೆ ಪುನಃ ಪರೀಕ್ಷಿಸಿದರೆ, ಅದೇ ತಪ್ಪನ್ನು ಅವು ಮೊದಲಿಗಿಂತ ಹೆಚ್ಚಿನ ದೃಢತೆಯಿಂದ ಮಾಡಿದವು. ಗಾಲಿಕುರ್ಚಿಯವರು ಸಾಮಾನ್ಯವಾಗಿ ಮುಂದಕ್ಕೆ ಚಲಿಸುವರೆಂಬುದನ್ನು ಅವು ಚೆನ್ನಾಗಿ ಕಲಿತಿದ್ದವು! ಬಹುಸಂಖ್ಯೆಯನ್ನೇ ಪ್ರಮಾಣವೆಂದು ನಂಬಿದ ಬುದ್ಧಿಯು ವಿರಳನಾದ ಮನುಷ್ಯನಿಗೆ ಎಷ್ಟು ಅಪಾಯಕಾರಿಯಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಆದುದರಿಂದ ವಿಕಲಚೇತನರನ್ನು ದತ್ತಾಂಶದಿಂದ ಹೊರಗಿಡುವುದು ಒಂದು ಅನ್ಯಾಯವೆಂಬುದು ನಿರ್ವಿವಾದ.

ಈ ಅನ್ಯಾಯವನ್ನು ನಿವಾರಿಸುವ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಗೂಗಲ್ ಕಂಪನಿ ೨೦೧೯ರಲ್ಲಿ 'ಯುಫೋನಿಯಾ' ಎಂಬ ಯೋಜನೆಯನ್ನು ಪ್ರಕಟಿಸಿತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ೨೦೨೨ರಲ್ಲಿ ಐದು ದೊಡ್ಡ ಕಂಪನಿಗಳ ಬೆಂಬಲದಿಂದ ಇಂಥದೇ ಕಾರ್ಯಕ್ಕೆ ಕೈಹಾಕಿತು. ಪಾರ್ಕಿನ್ಸನ್ ಕಾಯಿಲೆ, ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್, ಪಾರ್ಶ್ವವಾಯು ಮುಂತಾದವುಗಳಿಂದ ಮಾತು ಬೇರೆಯಾದವರು ತಾವಾಗಿ ಮುಂದೆ ಬಂದು ದನಿ ನೀಡುತ್ತಾರೆ, ಅದಕ್ಕೆ ಸಂಭಾವನೆಯನ್ನೂ ಪಡೆಯುತ್ತಾರೆ. ಇವೆಲ್ಲ ಸ್ತುತ್ಯವಾದ ಕಾರ್ಯಗಳು. ಆದರೆ ಹೊರಗಿಟ್ಟವರನ್ನು ಒಳಗೆ ಕರೆತರುವ ಉತ್ಸಾಹದಲ್ಲಿ ಮತ್ತೊಂದು ಅನ್ಯಾಯ ನಡೆದುಹೋಗುವ ಸಂಭವವುಂಟು. ಅದು ನಮ್ಮಿಂದಲೇ ನಡೆಯಿತು.

ಎರಡು ವರ್ಷಗಳ ಹಿಂದೆ ಒಂದು ಸಂಸ್ಥೆಯವರು ಮಠಕ್ಕೆ ಬಂದು, ಯಂತ್ರಕ್ಕೆ ಕನ್ನಡ ಕಲಿಸಲು ವಿದ್ಯಾರ್ಥಿಗಳ ದನಿ ಬೇಕೆಂದರು. ಮೊಬೈಲಿನಲ್ಲಿ ಕಾಣುವ ವಾಕ್ಯಗಳನ್ನು ಹುಡುಗರು ಓದಬೇಕು, ಅಷ್ಟೆ. ಮಾತಿನ ತೊಡಕಿರುವ ಹುಡುಗರಿದ್ದರೆ ಇನ್ನೂ ಅನುಕೂಲವೆಂದೂ, ಅಂಥವರಿಗೆ ಮುಂದೆ ಬಹಳ ಉಪಕಾರವಾಗುವುದೆಂದೂ ವಿವರಿಸಿದರು. ದಾಸೋಹಕ್ಕೆಂದು ಒಂದಿಷ್ಟು ಕಾಣಿಕೆಯನ್ನೂ ಅರ್ಪಿಸಿದರು. ಬಡವರ ಮಕ್ಕಳಿಗೆ, ಅದರಲ್ಲೂ ದೈಹಿಕ ತೊಂದರೆಯುಳ್ಳವರಿಗೆ ಒಳಿತಾಗುವುದಾದರೆ ಆಗಲೆಂದು ನಾವು ಸಂತೋಷದಿಂದ ಒಪ್ಪಿ, ಎಲ್ಲರ ಪರವಾಗಿ ಕಾಗದಗಳಿಗೆ ರುಜು ಹಾಕಿದೆವು. ಎರಡು ದಿನಗಳಲ್ಲಿ ಕೆಲಸ ಮುಗಿಯಿತು.

ವಾರದ ಮೇಲೆ ಒಂದು ಸಂಜೆ, ಸೆರೆಬ್ರಲ್ ಪಾಲ್ಸಿಯಿಂದ ಮಾತು ನಿಧಾನವಾದ ಒಬ್ಬ ಹುಡುಗ ಪೂಜೆಯಾದ ನಂತರ ಬಂದು ನಿಂತನು. ಹತ್ತೊಂಬತ್ತು ವರ್ಷದವನು, ಬಿ.ಎ. ಓದುತ್ತಿದ್ದನು. ಅವನ ಒಂದೊಂದು ವಾಕ್ಯ ಪೂರ್ಣವಾಗುವವರೆಗೆ ಕಾಯಬೇಕಾಗುತ್ತದೆ.

"ಬುದ್ಧಿ, ನನ್ನ ದನಿ ಎಲ್ಲಿಗೆ ಹೋಯಿತು?" ಎಂದು ಕೇಳಿದನು.

ಒಳ್ಳೆಯ ಕೆಲಸಕ್ಕೆ ಹೋಗಿದೆಯಪ್ಪ, ನಿನ್ನಂಥವರಿಗೇ ಸಹಾಯವಾಗುತ್ತದೆ ಎಂದೆವು.

"ಒಳ್ಳೆಯದೇ ಇರಬಹುದು, ಬುದ್ಧಿ. ಆದರೆ ನನ್ನನ್ನು ಯಾರೂ ಕೇಳಲಿಲ್ಲ. ಚಿಕ್ಕಂದಿನಿಂದ ನನ್ನ ಮಾತು ಕೇಳಿ ನಕ್ಕವರೇ ಹೆಚ್ಚು. ಈಗ ಅದನ್ನು ಎಲ್ಲಿ ಯಾರು ಕೇಳುತ್ತಾರೋ ಅಂತ ಹೆದರಿಕೆಯಾಗುತ್ತದೆ. ನೀವು ಹೇಳಿದಿರಿ ಅಂತ ಓದಿದೆ."

ಈ ಕೊನೆಯ ಮಾತು ನಮ್ಮನ್ನು ಬಹಳ ದಿನ ಕಾಡಿತು. ನಾವು ಹೇಳಿದೆವೆಂದು ಅವನು ಓದಿದ್ದನು. ಗುರುವಿನ ಮಾತನ್ನು ಮೀರಲಾರದವನ ಮೌನವನ್ನು ನಾವು ಸಮ್ಮತಿಯೆಂದು ಎಣಿಸಿದ್ದೆವು. ಅವನು ಪ್ರಾಪ್ತವಯಸ್ಕನೆಂಬುದೂ ನಮ್ಮ ಗಮನಕ್ಕೆ ಬಂದಿರಲಿಲ್ಲ. ಮಾತು ತೊಡರುವವನಿಗೆ ಮನಸ್ಸೂ ತೊಡರುವುದೆಂದು, ಅವನ ಪರವಾಗಿ ಬೇರೆಯವರು ನಿರ್ಧರಿಸಬೇಕೆಂದು ನಮಗರಿವಿಲ್ಲದೆಯೇ ಭಾವಿಸಿದ್ದೆವು. ಆ ಸಂಸ್ಥೆಯವರ ತಪ್ಪಿಗಿಂತ ನಮ್ಮ ತಪ್ಪು ದೊಡ್ಡದು. ಏಕೆಂದರೆ ಅವರು ಅವನನ್ನು ಅರಿತವರಲ್ಲ, ನಾವು ಅರಿತವರು.

ಅಂದಿನಿಂದ ಈ ವಿಷಯವನ್ನು ಓದಿ, ಬಲ್ಲವರೊಡನೆ ಚರ್ಚಿಸಿ, ನಮ್ಮ ಬುದ್ಧಿಗೆ ತೋರಿದುದನ್ನು ಇಲ್ಲಿ ಇಡುತ್ತಿದ್ದೇವೆ. ಶಾಸ್ತ್ರದ ಪದ್ಧತಿಯಂತೆ ಮೊದಲು ಪೂರ್ವಪಕ್ಷವನ್ನು ಕೇಳೋಣ.

ಪೂರ್ವಪಕ್ಷದವರ ಮೊದಲನೆಯ ವಾದ ಹೀಗಿದೆ: "ವಿಕಲಚೇತನರ ಸಂಖ್ಯೆಯೇ ಕಡಿಮೆ. ಅವರಲ್ಲಿಯೂ ಒಬ್ಬೊಬ್ಬರ ರೀತಿ ಒಂದೊಂದು. ಪ್ರತಿಯೊಬ್ಬರನ್ನೂ ಕೇಳುತ್ತ ಕುಳಿತರೆ ದತ್ತಾಂಶ ಸಾಲದು, ಯಂತ್ರ ಅವರನ್ನು ಅರಿಯದೆಯೇ ಉಳಿಯುವುದು, ನಷ್ಟ ಅವರಿಗೇ." ಈ ವಾದದಲ್ಲಿ ಸತ್ಯದ ಅಂಶವುಂಟು. ಆದರೆ ಕೇಳಿದರೆ ಯಾರೂ ಕೊಡಲಾರರೆಂಬ ಊಹೆ ಅನುಭವಕ್ಕೆ ವಿರುದ್ಧ. ಅಂಧರು ಮೊಬೈಲಿನಿಂದ ಚಿತ್ರ ತೆಗೆದು, "ಇದು ಯಾವ ಡಬ್ಬಿ?", "ಈ ಅಂಗಿಯ ಬಣ್ಣ ಯಾವುದು?" ಎಂದು ಮುಂತಾಗಿ ಕೇಳಿದರೆ ಕಣ್ಣಿರುವವರು ಉತ್ತರಿಸುವ 'ವಿಜ್‌ವಿಜ್' ಎಂಬ ಸೇವೆ ಅಮೆರಿಕದಲ್ಲಿ ಆರಂಭವಾಯಿತು. ೧೧,೦೦೦ಕ್ಕೂ ಹೆಚ್ಚು ಜನ ಅದರಲ್ಲಿ ಸುಮಾರು ೭೨,೦೦೦ ಪ್ರಶ್ನೆಗಳನ್ನು ಕೇಳಿದರು. ಹೆಸರಿಲ್ಲದೆ ಸಂಶೋಧನೆಗೆ ಬಳಸಬಹುದೇ ಎಂದು ಅವರನ್ನು ಕೇಳಲಾಗಿ, ಸುಮಾರು ೪೮,೦೦೦ ಪ್ರಶ್ನೆಗಳಿಗೆ ಅನುಮತಿ ದೊರೆಯಿತು. ಅವುಗಳನ್ನು ಶೋಧಿಸಿ ೨೦೧೮ರಲ್ಲಿ ೩೧,೦೦೦ಕ್ಕೂ ಮಿಕ್ಕಿದ ಪ್ರಶ್ನೆಗಳ ಸಂಗ್ರಹವನ್ನು ಪ್ರಕಟಿಸಿದರು. ಮೂರರಲ್ಲಿ ಎರಡು ಪಾಲು ಒಪ್ಪಿಗೆ! ಉಳಿದ ಒಂದು ಪಾಲನ್ನು ಬಿಟ್ಟುದರಿಂದ ಶಾಸ್ತ್ರವೇನೂ ಕುಸಿಯಲಿಲ್ಲ. ಕೇಳಿ ಪಡೆದ ಆ ಸಂಗ್ರಹ ಇಂದಿಗೂ ಸಂಶೋಧಕರಿಗೆ ಆಧಾರವಾಗಿದೆ.

ಎರಡನೆಯ ವಾದ: "ಹೆಸರು ವಿಳಾಸಗಳನ್ನು ತೆಗೆದುಹಾಕಿದ ಮೇಲೆ ಯಾರಿಗೆ ಏನು ಹಾನಿ?" ಸಾಮಾನ್ಯ ದನಿಯವನೊಬ್ಬನು ಲಕ್ಷ ಜನರ ನಡುವೆ ಮರೆಯಾಗಬಹುದು. ಆದರೆ ಒಂದು ತಾಲ್ಲೂಕಿನಲ್ಲಿ ಆ ರೀತಿ ನುಡಿಯುವವನು ಒಬ್ಬನೇ ಇದ್ದರೆ, ಹೆಸರು ಅಳಿಸಿದ ಮಾತ್ರಕ್ಕೆ ಅವನು ಮರೆಯಾಗುವನೇ? ಅವನ ದನಿಯೇ ಅವನ ವಿಳಾಸ. ಇನ್ನು ಅಂಧರು ತೆಗೆದ ಚಿತ್ರಗಳ ವಿಷಯ. ತಮ್ಮ ಚಿತ್ರದಲ್ಲಿ ಏನೇನು ಬಿದ್ದಿದೆಯೆಂಬುದನ್ನು ಅವರು ನೋಡಲಾರರು. ಔಷಧಿಯ ಚೀಟಿ, ಬ್ಯಾಂಕಿನ ಕಾರ್ಡು, ಅಂಚೆಯಲ್ಲಿ ಬಂದ ಕಾಗದ, ಮನೆಯವರ ಮುಖ ಎಲ್ಲವೂ ಅದರೊಳಗೆ ಬಂದಿರಬಹುದು. ೨೦೧೯ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಂಧರು ತೆಗೆದ ೫,೫೦೦ಕ್ಕೂ ಹೆಚ್ಚು ಚಿತ್ರಗಳಲ್ಲಿ ಇಂಥ ಖಾಸಗಿ ಸಂಗತಿಗಳನ್ನು ಸಂಶೋಧಕರು ಗುರುತಿಸಿದರು. ಆದುದರಿಂದ ವಿಕಲಚೇತನರ ದತ್ತಾಂಶಕ್ಕೆ ಇತರರದಕ್ಕಿಂತ ಕಡಿಮೆ ಎಚ್ಚರಿಕೆ ಸಾಕೆಂಬುದು ಸರಿಯಲ್ಲ. ಹೆಚ್ಚಿನ ಎಚ್ಚರಿಕೆಯೇ ಬೇಕು.

ಮೂರನೆಯ ವಾದವೇ ನಾವು ಮನಸ್ಸಿನಲ್ಲಿ ಒಪ್ಪಿಕೊಂಡಿದ್ದ ವಾದ: "ಇವರಿಗೆ ಇದೆಲ್ಲ ತಿಳಿಯದು; ಪಾಲಕರು ಒಪ್ಪಿದರೆ ಸಾಕು." ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ನಾವು ತಿಳಿದುದಕ್ಕಿಂತ ಮುಂದಿದೆ. ೧೯೯೫ರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗಣಿಸಿತ್ತು. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ೨೦೧೬ ಇಪ್ಪತ್ತೊಂದನ್ನು ಗಣಿಸುತ್ತದೆ. ಅದರ ಆರನೆಯ ಪ್ರಕರಣದಂತೆ ವಿಕಲಚೇತನ ವ್ಯಕ್ತಿಯನ್ನು ಯಾವುದೇ ಸಂಶೋಧನೆಗೆ ಒಳಪಡಿಸಬೇಕಾದರೆ, ಆತನಿಗೆ ತಿಳಿಯುವ ರೀತಿಯಲ್ಲಿ ವಿವರಿಸಿ ಆತನ ಸ್ವತಂತ್ರ ಸಮ್ಮತಿಯನ್ನು ಪಡೆಯಬೇಕು. ಅಷ್ಟೇ ಅಲ್ಲ, ಒಂದು ಸಮಿತಿಯ ಪೂರ್ವಾನುಮತಿಯೂ ಬೇಕು. ಆ ಸಮಿತಿಯ ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಸ್ವತಃ ವಿಕಲಚೇತನರೋ ಅವರ ನೋಂದಾಯಿತ ಸಂಘಗಳ ಸದಸ್ಯರೋ ಆಗಿರಬೇಕು. ಪಾಲಕತ್ವವನ್ನು ಹೇಳುವ ಹದಿನಾಲ್ಕನೆಯ ಪ್ರಕರಣವು, ಪಾಲಕನೂ ಆ ವ್ಯಕ್ತಿಯೂ ಪರಸ್ಪರ ನಂಬಿಕೆಯಿಂದ ಕೂಡಿ ನಿರ್ಣಯಿಸುವ ಸೀಮಿತ ಪಾಲಕತ್ವವನ್ನು ಹೇಳುತ್ತದೆ. ಯಂತ್ರದ ತರಬೇತಿಗಾಗಿ ದನಿ, ಚಿತ್ರಗಳನ್ನು ಪಡೆಯುವಾಗಲೂ ಇದೇ ನ್ಯಾಯ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ೨೦೨೩ರಲ್ಲಿ ಬಂದಿತು. ಸಮ್ಮತಿಯು ಸ್ವತಂತ್ರವೂ, ನಿರ್ದಿಷ್ಟವೂ, ತಿಳಿದು ಕೊಟ್ಟುದೂ, ಷರತ್ತಿಲ್ಲದುದೂ, ಅಸಂದಿಗ್ಧವೂ ಆಗಿರಬೇಕೆಂದು ಅದು ಹೇಳುತ್ತದೆ. ಸಮ್ಮತಿಯ ಕೋರಿಕೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಪಡೆಯುವ ಅವಕಾಶವಿರಬೇಕೆನ್ನುತ್ತದೆ. ಅಂದರೆ ಕನ್ನಡದಲ್ಲಿ ತಿಳಿಸಿರೆಂದು ಕೇಳುವ ಹಕ್ಕು ನಮಗುಂಟು. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಬಾಧ್ಯತೆಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಗಿದೆ. ಆದರೆ ಇದೇ ಅಧಿನಿಯಮ ಎರಡು ಕಡೆ ನಮ್ಮನ್ನು ಚಿಂತೆಗೆ ಹಚ್ಚುತ್ತದೆ. ಕಾನೂನುಬದ್ಧ ಪಾಲಕರಿರುವ ವಿಕಲಚೇತನರ ವಿಷಯದಲ್ಲಿ ಪಾಲಕರ ಸಮ್ಮತಿಯನ್ನು ಅದು ಕೇಳುತ್ತದೆ. ಕೂಡಿ ನಿರ್ಣಯಿಸಬೇಕೆಂಬ ೨೦೧೬ರ ಭಾವ ಅಲ್ಲಿ ಕಾಣದು. ಮತ್ತು ವ್ಯಕ್ತಿಯು ತಾನಾಗಿ ಸಾರ್ವಜನಿಕವಾಗಿ ಪ್ರಕಟಿಸಿದ ದತ್ತಾಂಶಕ್ಕೆ ಅದು ಅನ್ವಯಿಸುವುದೇ ಇಲ್ಲ. ಕಿವಿ ಕೇಳದ ತಾಯಿಯೊಬ್ಬಳು ಸಂಜ್ಞಾಭಾಷೆಯಲ್ಲಿ ತನ್ನವರಿಗಾಗಿ ಒಂದು ಕಥೆ ಹೇಳಿ ಅಂತರ್ಜಾಲದಲ್ಲಿ ಇಟ್ಟಳೆನ್ನಿ. ಬಾಗಿಲು ತೆರೆದಿತ್ತು, ಆದ್ದರಿಂದ ರಾಗಿ ಹೊತ್ತೆವು ಎಂಬ ಮಾತಿಗೂ, ಎಲ್ಲರಿಗೂ ಕಾಣುವಂತಿತ್ತು, ಆದ್ದರಿಂದ ತೆಗೆದುಕೊಂಡೆವು ಎಂಬ ಮಾತಿಗೂ ಇರುವ ಅಂತರವೆಷ್ಟು? ಕಾನೂನು ತಡೆಯದಿದ್ದರೂ ಧರ್ಮ ಪ್ರಶ್ನಿಸುವ ಎಡೆಗಳಿವೆ.

ಇನ್ನೊಂದು ಸೂಕ್ಷ್ಮವಾದ ವಿಷಯವುಂಟು. ೨೦೧೫ರಲ್ಲಿ ಡೆನ್ಮಾರ್ಕಿನಲ್ಲಿ ಆರಂಭವಾದ 'ಬಿ ಮೈ ಐಸ್' ಎಂಬ ಸೇವೆ ಜಗತ್ತಿನ ಅಂಧರಿಗೆ ಕಣ್ಣಾಗಿ ನಿಂತಿದೆ. ಮೊದಲು ಸ್ವಯಂಸೇವಕರು ವಿಡಿಯೋದಲ್ಲಿ ನೋಡಿ ಹೇಳುತ್ತಿದ್ದರು. ೨೦೨೩ರಿಂದ ಬುದ್ಧಿಯಂತ್ರವೂ ಹೇಳುತ್ತಿದೆ. ೨೦೨೪ರ ನವೆಂಬರಿನಲ್ಲಿ ಈ ಸೇವೆಯ ವಿಡಿಯೋಗಳನ್ನು ಮೈಕ್ರೋಸಾಫ್ಟ್ ಕಂಪನಿಯ ಯಂತ್ರಗಳ ತರಬೇತಿಗೆ ಒದಗಿಸುವ ಒಪ್ಪಂದ ಪ್ರಕಟವಾಯಿತು. ಉದ್ದೇಶ ಒಳ್ಳೆಯದು, ಅಂಧರು ಬಳಸುವ ವಸ್ತುಗಳು, ಅವರ ಮನೆಯ ಬೆಳಕು, ಅವರು ಮೊಬೈಲು ಹಿಡಿಯುವ ಕೋನ ಇವು ಯಂತ್ರಕ್ಕೆ ತಿಳಿಯಬೇಕೆಂಬುದು. ವೈಯಕ್ತಿಕ ವಿವರಗಳನ್ನು ತೆಗೆಯುವೆವೆಂದೂ, ಬೇಡವೆನ್ನುವವರು ಹೊರಗುಳಿಯಬಹುದೆಂದೂ ತಿಳಿಸಿದರು. ಬೇಡವೆನ್ನದವರೆಲ್ಲರೂ ಒಪ್ಪಿದವರೆಂದು ಗಣಿಸುವ ಈ ಕ್ರಮಕ್ಕೂ, ಹೌದೆಂದವರನ್ನು ಮಾತ್ರ ಸೇರಿಸಿಕೊಳ್ಳುವ ಕ್ರಮಕ್ಕೂ ಕಾಗದದ ಮೇಲೆ ಅಂತರ ಸಣ್ಣದು. ನ್ಯಾಯದಲ್ಲಿ ಬಹಳ ದೊಡ್ಡದು. ಮೌನವು ಸಮ್ಮತಿಯ ಲಕ್ಷಣವೆಂಬ ಹಳೆಯ ಮಾತು ಸಮಾನರ ನಡುವೆ ಸಲ್ಲಬಹುದು. ಆಶ್ರಿತನ ಮೌನಕ್ಕೆ ಬೇರೆ ಕಾರಣಗಳಿರುತ್ತವೆ. ಯಾವ ಸೇವೆ ತನಗೆ ಕಣ್ಣಾಗಿದೆಯೋ ಅದರ ಮಾತಿಗೆ ಒಲ್ಲೆನೆನ್ನಲು ಅವನು ಹಿಂಜರಿಯಬಹುದು. ಸೂಚನೆಯು ತನಗೆ ಓದಲಾಗದ ರೂಪದಲ್ಲಿ ಬಂದುದರಿಂದ ಅವನಿಗೆ ತಿಳಿಯದೆಯೂ ಇರಬಹುದು. ನಮ್ಮ ಹುಡುಗನು ನಮ್ಮ ಮುಂದೆ ಸುಮ್ಮನಿದ್ದುದು ಹೀಗೆಯೇ ಅಲ್ಲವೇ?

ಹಾಗಾದರೆ ಸಿದ್ಧಾಂತವೇನು? ಕೇಳದೆ ಹೊರಗಿಡುವುದೂ ತಪ್ಪು, ಕೇಳದೆ ಒಳಗೆ ಸೇರಿಸುವುದೂ ತಪ್ಪು. ಎರಡರಲ್ಲಿಯೂ ಆ ವ್ಯಕ್ತಿಯ ಮನಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಆದ್ದರಿಂದ ಕೇಳುವುದನ್ನು ಒಳಗೊಳ್ಳುವಿಕೆಗೆ ಅಡ್ಡಿಯೆಂದು ಎಣಿಸದೆ ಅದರ ಮೊದಲ ಮೆಟ್ಟಿಲೆಂದು ಎಣಿಸಬೇಕು. ಅಂಧನಿಗೆ ಬ್ರೈಲಿನಲ್ಲಿ ಅಥವಾ ದನಿಯಲ್ಲಿ, ಕಿವುಡನಿಗೆ ಸಂಜ್ಞೆಯಲ್ಲಿ, ಬುದ್ಧಿಯ ಬೆಳವಣಿಗೆ ನಿಧಾನವಾದವನಿಗೆ ಚಿತ್ರದಲ್ಲಿ ಮತ್ತು ಸರಳವಾದ ಮಾತಿನಲ್ಲಿ, ಅವಸರವಿಲ್ಲದೆ ತಿಳಿಸಿ ಕೇಳಬೇಕು. ಒಲ್ಲೆನೆಂದರೆ ಅವನಿಗೆ ದೊರೆಯುವ ಸೇವೆಯಲ್ಲಿ, ಅನ್ನದಲ್ಲಿ, ಆದರದಲ್ಲಿ ಎಳ್ಳಷ್ಟೂ ಕಡಿಮೆಯಾಗಬಾರದು. ಹೀಗೆ ಹುಟ್ಟಿದ ಯಂತ್ರದ ಫಲ ಕೊಟ್ಟವರಿಗೂ ಕೈಗೆಟುಕುವ ಬೆಲೆಯಲ್ಲಿ ಮರಳಬೇಕು.

ವಿಕಲಚೇತನರು ಪಡೆಯುವವರು ಮಾತ್ರ, ನಾವು ಕೊಡುವವರು ಎಂಬ ಭಾವನೆಯೇ ಈ ತಪ್ಪುಗಳ ಬೇರು. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆದರೆ ಈ ಭಾವನೆ ನಿಲ್ಲಲಾರದು. ಸ್ವತಃ ಅಂಧರಾದ ಪಂಚಾಕ್ಷರ ಗವಾಯಿಗಳು ಅಂಧ ಬಾಲಕರಿಗೆ ಸಂಗೀತವನ್ನು ಧಾರೆಯೆರೆದರು. ಅವರ ಶಿಷ್ಯರೂ ಅಂಧರೂ ಆದ ಪುಟ್ಟರಾಜ ಗವಾಯಿಗಳು ೨೦೧೦ರಲ್ಲಿ ಲಿಂಗೈಕ್ಯರಾಗುವವರೆಗೆ ಆ ಕಾರ್ಯವನ್ನು ನಡೆಸಿದರು. ಕರುಣೆಯಿಂದ ನಾಡು ಕೊಟ್ಟುದಕ್ಕಿಂತ ಎಷ್ಟೋ ಹೆಚ್ಚಿನದನ್ನು ಆ ಆಶ್ರಮದ ಅಂಧರು ನಾಡಿಗೆ ದನಿಯ ಮೂಲಕ ಕೊಟ್ಟರು. ಕೊಡಬಲ್ಲವರನ್ನು ಕೊಡುವವರೆಂದೇ ಕಾಣಬೇಕು, ಕೊಡುವವರನ್ನು ಕೇಳಬೇಕು.

ಇನ್ನು ನಮ್ಮ ಹುಡುಗನ ಸಂಗತಿ. ನಾವು ಅವನನ್ನು ಕರೆದು, ತಪ್ಪು ನಮ್ಮದೆಂದು ಹೇಳಿ, ಈಗ ಕೇಳುತ್ತಿದ್ದೇವೆ, ನಿನ್ನ ದನಿ ಅಲ್ಲಿರಲೋ ಬೇಡವೋ ಎಂದೆವು. ಅವನು ಮೂರು ದಿನ ಯೋಚಿಸಿ, "ಬೇಡ, ಬುದ್ಧಿ" ಎಂದನು. ಆ ಸಂಸ್ಥೆಗೆ ಬರೆದೆವು. ಸಂಗ್ರಹದಿಂದ ಅವನ ದನಿಯನ್ನು ತೆಗೆದುಹಾಕಿರುವುದಾಗಿ ಉತ್ತರ ಬಂದಿತು. ಆದರೆ ಅಷ್ಟರಲ್ಲಿ ಯಂತ್ರ ಕಲಿತುಬಿಟ್ಟಿದ್ದರೆ ಆ ಕಲಿಕೆಯಿಂದ ಅವನ ಪಾಲನ್ನು ಬೇರ್ಪಡಿಸಲಾಗದೆಂದೂ ಬರೆದಿದ್ದರು. ಸಾರಿಗೆ ಬಿದ್ದ ಉಪ್ಪನ್ನು ಮರಳಿ ತೆಗೆಯುವವರಾರು? ಕೊಟ್ಟ ಸಮ್ಮತಿಯನ್ನು ಹಿಂಪಡೆಯುವ ಹಕ್ಕನ್ನು ಕಾನೂನು ಕೊಟ್ಟಿದೆ, ನಿಜ. ಆದರೆ ಹಿಂಪಡೆಯುವುದು ಇಷ್ಟು ಕಷ್ಟವಾದ ವಸ್ತುವನ್ನು ಪಡೆಯುವ ಮೊದಲು ಎಷ್ಟು ಎಚ್ಚರದಿಂದ ಕೇಳಬೇಕೆಂಬುದನ್ನು ಆ ಪತ್ರ ನಮಗೆ ಕಲಿಸಿತು.

ಆಮೇಲೆ ವಿದ್ಯಾರ್ಥಿನಿಲಯದ ಎಲ್ಲ ಹುಡುಗರನ್ನೂ ಕೂಡಿಸಿ ವಿಷಯವನ್ನು ತಿಳಿಸಿದೆವು. ಹದಿನೆಂಟು ತುಂಬದವರ ಮನೆಯವರಿಗೆ ಬರೆದು, ಹುಡುಗರನ್ನೂ ಕೇಳಿದೆವು. ಕೆಲವರು ಬೇಡವೆಂದರು, ಹಲವರು ಇರಲೆಂದರು. ಉಗ್ಗುವ ಇಬ್ಬರು, ತಮ್ಮಂತೆ ನುಡಿಯುವವರ ಮಾತು ಯಂತ್ರಕ್ಕೆ ತಿಳಿಯಲಿ ಎಂದು ಮತ್ತಷ್ಟು ಓದಿಕೊಡಲು ತಾವಾಗಿ ಮುಂದೆ ಬಂದರು. ಅವರ ದನಿಯನ್ನು ದಾನವೆನ್ನಲು ನಮಗೆ ಸಂಕೋಚವಿಲ್ಲ. ಬೇಡವೆಂದ ಹುಡುಗ ಅವರ ಪಕ್ಕದಲ್ಲಿಯೇ ಕುಳಿತು, ಅವರು ಓದುವುದನ್ನು ಕೇಳುತ್ತಿದ್ದನು. ಅವನ 'ಬೇಡ' ಎಂಬ ಮಾತಿಗೆ ನಮ್ಮಲ್ಲಿ ಎಡೆ ದೊರೆತುದರಿಂದಲೇ ಇವರ 'ಇರಲಿ' ಎಂಬ ಮಾತಿಗೆ ಬೆಲೆ ಬಂದಿತೆಂದು ನಾವು ನಂಬಿದ್ದೇವೆ.

ಶ್ರೀಮಠದಲ್ಲಿ ಓದಿದ ಅನೇಕರು ಇಂದು ದೊಡ್ಡ ದೊಡ್ಡ ಕಂಪನಿಗಳಲ್ಲಿ ಈ ಯಂತ್ರಗಳನ್ನೇ ಕಟ್ಟುವ ಉದ್ಯೋಗದಲ್ಲಿದ್ದಾರೆ. ಅನೇಕ ಭಕ್ತರು ಶಾಲೆ, ವಸತಿನಿಲಯ, ಆಸ್ಪತ್ರೆಗಳನ್ನು ನಡೆಸುತ್ತಿದ್ದಾರೆ. ಇತರರ ಪರವಾಗಿ ರುಜು ಹಾಕುವ ಸಂದರ್ಭ ಇವರೆಲ್ಲರಿಗೂ ಬರುತ್ತದೆ. ಲೇಖನಿ ಎತ್ತುವ ಮುನ್ನ, ಯಾರ ದನಿಯೋ ಅವರ ಬಳಿಗೆ ಹೋಗಿ, ಅವರ ವಾಕ್ಯ ಪೂರ್ಣವಾಗುವವರೆಗೆ ಕಾಯುವ ತಾಳ್ಮೆ ಎಲ್ಲರಿಗೂ ಬರಲೆಂದು ಹಾರೈಸುತ್ತೇವೆ.